ಗುಣವಾಯಿತೆಂದು ನಾನೇ ಬರೆದುಕೊಟ್ಟೆ

ಅವ್ವನ ಬಲಪಾದದ ಗಾಯ ಮೊದಲು ಕಂಡದ್ದು ಚರ್ಚಿನ ಮೆಟ್ಟಿಲ ಬಳಿ. ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಅವ್ವನ ಹೆಜ್ಜೆಯ ಗುರುತು ಕಲ್ಲಿನ ಮೇಲೆ ಒದ್ದೆಯಾಗಿ ಮೂಡಿತ್ತು. ಕೆಂಪಾಗಿತ್ತು. ಹೆಬ್ಬೆರಳಿನ ಕೆಳಗೆ ಹೊಲಿಗೆ ಸೂಜಿಯ ತುಂಡೊಂದು ಹೊಕ್ಕು ಮುರಿದಿತ್ತು. ಎಂದು ಹೊಕ್ಕಿತೋ ಅವಳಿಗೇ ತಿಳಿಯದು.

ಹದಿನಾಲ್ಕು ವರ್ಷಗಳ ಶುಗರ್. ಪಾದದಲ್ಲಿ ನೋವೇ ಉಳಿದಿರಲಿಲ್ಲ.

ಅವ್ವ ಖಾನಾಪುರದಲ್ಲಿ ಬಟ್ಟೆ ಹೊಲಿಯುತ್ತಾಳೆ. ಅಪ್ಪ ತೀರಿದ ಮೇಲೆ ಆ ಕಾಲು ಯಂತ್ರ ತುಳಿದದ್ದರಿಂದಲೇ ನಾನು ಬೆಳಗಾವಿಗೆ ಹೋಗಿ, ಅನಗೋಳದಲ್ಲಿ ಕೋಣೆ ಹಿಡಿದು, ವಿಶ್ವವಿದ್ಯಾಲಯದಲ್ಲಿ ಓದಿದೆ.

ಬೆಳಗಾವಿಯ ಡಾಕ್ಟರು ಸೂಜಿ ತೆಗೆದು ಎಕ್ಸ್‌ರೇ ನೋಡಿದರು. "ಮ್ಯಾಲಿನ ಚರ್ಮಾ ಕೂಡಿದ ಕೂಡ್ಲೇ ಗುಣಾ ಆತು ಅನ್ಕೋಬ್ಯಾಡ್ರಿ ಅವ್ವಾರ. ಎಲುಬಿಗೆ ಇನ್‌ಫೆಕ್ಷನ್ ಮುಟ್ಟೇತಿ. ನಾ ಸಾಕು ಅನ್ನೂತನಕ ಡ್ರೆಸ್ಸಿಂಗ್ ಬಿಡಬ್ಯಾಡ್ರಿ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಒಂದೊಂದು ಶಬ್ದವನ್ನೂ ಕೇಳಿಸಿಕೊಂಡಿದ್ದೆ.

ನಮ್ಮ ಸಭೆಯವರು ಪ್ರತಿ ಶುಕ್ರವಾರ ಉಪವಾಸವಿದ್ದು ಅವಳ ಕಾಲಿಗಾಗಿ ಪ್ರಾರ್ಥಿಸಿದರು. ನಾಲ್ಕನೆಯ ವಾರ ಗಾಯದ ಬಾಯಿ ಮುಚ್ಚಿತು. ಪಾಸ್ಟರ್ ಹಿಗ್ಗಿದರು.

"ಅಕ್ಕಾರ, ಬರೂ ಐತವಾರ ಸಾಕ್ಷಿ ಹೇಳ್ರಿ. ಪೂರಾ ಗುಣಾ ಆತು ಅಂತ್ಲೇ ಹೇಳ್ರಿ. ವಿಶ್ವಾಸದ್ಲೆ ಮೊದಲ ಹೇಳಬೇಕು, ಆಮ್ಯಾಲ ಆಗತೈತಿ."

ನಮ್ಮಲ್ಲಿ ಸಾಕ್ಷಿ ಸಣ್ಣ ಮಾತಲ್ಲ. ದೇವರು ಮಾಡಿದ ಉಪಕಾರವನ್ನು ಸಭೆಯೆದುರು ನಿಂತು ಹೇಳಿದವರು ಅದಕ್ಕೆ ತಕ್ಕಂತೆ ಬದುಕಬೇಕು. ಅವ್ವ ನನಗೆ ಫೋನ್ ಮಾಡಿದಳು. "ನೀ ಕಲತಾಕಿ. ಚಂದಂಗ ಬರದು ಕೊಡು."

ಬರೆದುಕೊಟ್ಟೆ. 'ಪೂರ್ಣವಾಗಿ' ಎಂಬ ಪದವನ್ನೂ ಬರೆದೆ. ವಾಕ್ಯದ ಲಯಕ್ಕೆ ಅದು ಚೆನ್ನಾಗಿ ಹೊಂದಿತ್ತು.

ಮರುವಾರ ಡ್ರೆಸ್ಸಿಂಗಿಗೆ ಹೊರಡೆಂದರೆ ಅವ್ವ ಕೂತಲ್ಲಿಂದ ಏಳಲಿಲ್ಲ. "ಸಭಾದಾಗ ನಿಂತು ಗುಣಾ ಆಗೇತಿ ಅಂದೀನಿ. ಈಗ ದವಾಖಾನಿ ಪಾಳ್ಯಾಗ ನಿಂತ್ರ ನಾನರ ಸುಳ್ಳ ಆಗಬೇಕು, ದೇವರರ ಸುಳ್ಳ ಆಗಬೇಕು. ಯಾರನ್ನ ಮಾಡ್ಲಿ ಹೇಳು?"

ಎಂ.ಎ. ಓದಿದ ನಾನು ಸೆಮಿನಾರಿನ ನೆಪ ಹೇಳಿ ಬೆಳಗಾವಿಯ ಬಸ್ಸು ಹತ್ತಿದೆ.

ಮೂರು ವಾರದಲ್ಲಿ ಜ್ವರ ಬಂತು. ಮುಚ್ಚಿದ ಚರ್ಮದೊಳಗೆ ಕೀವು ತುಂಬಿ, ಪಾದ ಕಣಕಾಲಿನವರೆಗೆ ಕಪ್ಪಾಗಿತ್ತು. ಸರ್ಜನ್ ನನ್ನನ್ನು ಹೊರಗೆ ಕರೆದರು.

"ಮೊಳಕಾಲ ಕೆಳಗ ತಗೀಬೇಕು. ಇವತ್ತ ತಗೀಬೇಕು."

ಒಪ್ಪಿಗೆಯ ಫಾರ್ಮಿಗೆ ಸಹಿ ಹಾಕಿದ್ದೂ ನಾನೇ. ಆಪರೇಷನ್ ಥಿಯೇಟರಿನ ಹೊರಗೆ ಸಭೆಯವರು ಕನ್ನಡದಲ್ಲಿ, ಮರಾಠಿಯಲ್ಲಿ ಪ್ರಾರ್ಥಿಸಿದರು. ನಾನು ಪೂರ್ತಿ ಕಾಲು ಕೇಳುವ ಧೈರ್ಯವಿಲ್ಲದೆ ಹಿಮ್ಮಡಿಯನ್ನಷ್ಟೇ ಕೇಳಿದೆ.

ಅದೂ ಸಿಗಲಿಲ್ಲ.

ಐದನೆಯ ದಿನ ಪಾಸ್ಟರ್ ವಾರ್ಡಿಗೆ ಬಂದರು. ಪ್ರಾರ್ಥನೆ ಮುಗಿಸಿ, ಹೊದಿಕೆ ತಗ್ಗಿದ್ದ ಜಾಗದಿಂದ ಕಣ್ಣು ತಪ್ಪಿಸಿ, "ಎಲ್ಲೋ ಒಂಚೂರು ಅಪನಂಬಿಕಿ ಇದ್ರೂ ಹಿಂಗಾಗತೈತಿ ತಂಗಿ" ಎಂದರು.

"ಅಪನಂಬಿಕಿ ಯಾರದ್ರಿ ಪಾಸ್ಟರ್? ನಿಮ್ಮ ಮಾತ ನಂಬಿದಾಕಿದ ಕಾಲ ಹೋಗೇತಿ. ಡಾಕ್ಟರ್ ಏನಂದಾರ ಅಂತ ಒಮ್ಮಿ ಕೇಳಿದ್ರೇನು ನೀವು? ಸಭಾದಾಗ ಹೇಳಸಿದ್ರಲ್ಲಾ, ಸಭಾದಾಗ ನಿಂತು ಉತ್ತರಾ ಕೊಡ್ರಿ."

ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ಅವ್ವ ಕಣ್ಣು ತೆರೆದಳು. ಸುಮ್ಮನಿರೆನ್ನುತ್ತಾಳೆ ಎಂದುಕೊಂಡೆ.

"ಕೇಳು, ಬಿಡಬ್ಯಾಡ. ಖರೇ, ಬರದು ಕೊಟ್ಟಾಕಿನೂ ಅವರ ಬಾಜು ನಿಲ್ಲಲಿ."

ಆ ಮಾತಿನಿಂದ ನಾನು ಇನ್ನೂ ಚೇತರಿಸಿಕೊಂಡಿಲ್ಲ.

ಉತ್ತರ ಸಿಗದ ಪ್ರಾರ್ಥನೆಗೆ ನಮ್ಮ ಸಭೆಗಳಲ್ಲಿ ನಿಲ್ಲಲು ಜಾಗವಿಲ್ಲ. ಕೇಳಿದ್ದು ಸಿಕ್ಕವರು ಮುಂದೆ ಬಂದು ಮಾತಾಡುತ್ತಾರೆ. ಸಿಗದವರು ಒಂದೊಂದೇ ಸಾಲು ಹಿಂದೆ ಸರಿದು, ಕೊನೆಗೊಂದು ದಿನ ಬರುವುದನ್ನೇ ಬಿಡುತ್ತಾರೆ, ಮತ್ತು ಅವರ ವಿಶ್ವಾಸ ಸಾಲಲಿಲ್ಲವೆಂದು ನಾವು ನಿರಾಳವಾಗುತ್ತೇವೆ. ಶಿಲುಬೆಗೇರುವ ಹಿಂದಿನ ರಾತ್ರಿ ತೋಟದಲ್ಲಿ ಯೇಸು ಈ ಸಾವು ತಪ್ಪಲೆಂದು ಬೇಡಿದ್ದೂ ಸಿಗಲಿಲ್ಲ. ಅದನ್ನು ವರ್ಷವರ್ಷವೂ ಓದುತ್ತೇವೆ. ಆತನಲ್ಲಿ ಅಪನಂಬಿಕೆ ಹುಡುಕುವ ಎದೆಗಾರಿಕೆ ಯಾರಿಗೂ ಇಲ್ಲ. ಬಟ್ಟೆ ಹೊಲಿಯುವ ವಿಧವೆಯಲ್ಲಿ ಹುಡುಕುವುದು ಸುಲಭ. ದೇವರು ಏಕೆ ಮೌನವಾಗಿದ್ದನೋ ನಾನರಿಯೆ. ಮಾತಾಡಬೇಕಿದ್ದ ಮನುಷ್ಯರು ಏಕೆ ಮೌನವಾಗಿದ್ದೆವೆಂಬುದಕ್ಕೆ ಮಾತ್ರ ಉತ್ತರವಿದೆ. ಅದನ್ನು ದೇವರ ಚಿತ್ತದ ಹಿಂದೆ ಬಚ್ಚಿಡಲಾಗದು.

ಎರಡು ತಿಂಗಳ ನಂತರ ಒಂದು ಭಾನುವಾರ ಪಾಸ್ಟರ್ ಪೀಠದಿಂದ ಇಳಿದು ಬಂದು ನೆಲದ ಮೇಲೆ ನಿಂತರು. ನಾನು ಅವರ ಪಕ್ಕದಲ್ಲಿ ನಿಂತೆ. "ಅವಸರ ನಂದಿತ್ತು. ಅಕ್ಕಾರ ವಿಶ್ವಾಸ ಕಡಿಮಿ ಇರಲಿಲ್ಲ. ನಂದು ತಪ್ಪಾತು" ಎಂದರು. ಡಾಕ್ಟರ ಮಾತು ಗೊತ್ತಿದ್ದೂ ಬರೆದೆನೆಂದು ನಾನು ಹೇಳಿದೆ. ಯಾರೂ ಹಾಡು ಎತ್ತಿಕೊಳ್ಳಲಿಲ್ಲ. ಕುರ್ಚಿಯಲ್ಲಿದ್ದ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಆಮೇಲೆ ಆಟೋ ಓಡಿಸುವವರೊಬ್ಬರು ಎದ್ದು, ಹೆಂಡತಿಗೆ ಟಿ.ಬಿ. ಆಗಿದೆ, ಪ್ರಾರ್ಥಿಸಿರೆಂದರು. ಪಾಸ್ಟರ್ ಕೈ ಜೋಡಿಸುವ ಮೊದಲು ಕೇಳಿದರು: "ಗುಳಗಿ ಚಾಲೂ ಅದಾವಿಲ್ಲೋ?"

ಈಗ ಅವ್ವ ಎಡಗಾಲಿನಿಂದ ಯಂತ್ರ ತುಳಿಯುವುದನ್ನು ಕಲಿಯುತ್ತಿದ್ದಾಳೆ. ಹೊಲಿಗೆ ಸೊಟ್ಟಗಾಗುತ್ತದೆ. ಬಿಚ್ಚುತ್ತಾಳೆ, ಬೈಯುತ್ತಾಳೆ.

"ದೇವರ ಮ್ಯಾಲ ಸಿಟ್ಟಿಲ್ಲೇನಬೇ ನಿನಗ?" ಎಂದು ಕೇಳಿಯೇಬಿಟ್ಟೆ.

"ಐತಲ್ಲಾ. ದಿನಾ ಮುಂಜಾನಿ ಅವಗ ಅದನ್ನ ಹೇಳ್ತೀನಿ."

"ಏನಂತಾನ?"

"ಏನೂ ಅನ್ನೂದಿಲ್ಲ. ಎದ್ದೂ ಹೋಗೂದಿಲ್ಲ."

ನನಗೆ ಇನ್ನೂ ಪ್ರಾರ್ಥಿಸಲು ಬಾಯಿ ಬರುತ್ತಿಲ್ಲ. ಅವಳು ಕಣ್ಣು ಮುಚ್ಚಿ ಮಾತಾಡುವಾಗ ಪಕ್ಕದಲ್ಲಿ ಕೂತಿರುತ್ತೇನೆ. ಆಮೆನ್ ಎನ್ನುವುದಿಲ್ಲ. ಅವಳು ಮುಗಿಸುವವರೆಗೆ ಏಳುವುದೂ ಇಲ್ಲ.