ಮಂಜಿನಕೆರೆಯ ವಕೀಲೆ

ಕಳಸದ ಬಸ್‌ಸ್ಟ್ಯಾಂಡಿನ ಎದುರು ಅನ್ವರಿಯ ಅಂಗಡಿ ಇತ್ತು. ಅಪ್ಪನ ಕಾಲದ ಎಸ್‌ಟಿಡಿ ಬೂತಿಗೆ ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷೀನು ಸೇರಿಸಿ ಅವಳು ಅದನ್ನು ಸೈಬರ್ ಮಾಡಿದ್ದಳು. ಕಾಫಿ ರೇಟು ನೋಡಲು ಬರುವ ಎಸ್ಟೇಟಿನವರು, ಪಿಯುಸಿ ರಿಸಲ್ಟು ನೋಡಿ ಅಲ್ಲೇ ಅಳುವವರು, ಪಹಣಿಯ ಜೆರಾಕ್ಸ್ ಮಾಡಿಸಿ ಚಿಲ್ಲರೆ ಇಲ್ಲ ಎನ್ನುವವರು, ಇವರೇ ಅವಳ ಗಿರಾಕಿಗಳು. ವಯಸ್ಸು ಮೂವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಊರಿನವರು ಆ ವಿಷಯ ಮಾತಾಡಿ ಮಾತಾಡಿ ತಾವೇ ಸುಸ್ತಾಗಿ ಬಿಟ್ಟಿದ್ದರು. ಆದರೆ ಅವಳಿಗೆ ಲಾ ಓದುವ ಆಸೆ ಇತ್ತೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಪಿಯುಸಿ ಮುಗಿಸಿದ ವರ್ಷ ಅಪ್ಪ ಹಾಸಿಗೆ ಹಿಡಿದರು, ಅವಳು ಬೂತಿನ ಕುರ್ಚಿಯಲ್ಲಿ ಕೂತಳು, ಕೂತವಳು ಏಳಲಿಲ್ಲ. ಇಷ್ಟೇ ಅವಳ ಚರಿತ್ರೆ ಎಂದು ನಾವೆಲ್ಲ ತಿಳಿದಿದ್ದೆವು. ನಮಗೆ ತಿಳಿದಿದ್ದು ಅಷ್ಟರಲ್ಲೇ ಇತ್ತು.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಅವಳಿಗೆ ಇಂಟರ್‌ನೆಟ್ಟಿನಲ್ಲಿ ಮಂಜಿನಕೆರೆ ಸಿಕ್ಕಿತು. ಅದೊಂದು ಆಟದ ಊರು. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು ಬರೆಯುವುದು, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವುದು. ಹೂ ಮಾರುವ ದ್ಯಾವಮ್ಮ ಇದ್ದಳು, ಪೋಸ್ಟ್‌ಮ್ಯಾನ್ ಬೆಳ್ಳಿಯಪ್ಪ ಇದ್ದ, ಹೋಟೆಲಿನ ಶಂಕರಮ್ಮ, ಬ್ಯಾಂಕಿನ ಮ್ಯಾನೇಜರು, ಕೋರ್ಟು, ಕೋರ್ಟಿಗೊಬ್ಬ ನ್ಯಾಯಾಧೀಶರು. ಏನಾಗಿ ಸೇರುತ್ತೀರಿ ಎಂದು ಆ ಊರು ಕೇಳಿದಾಗ ಅನ್ವರಿ ಎರಡು ಸಲ ಯೋಚಿಸದೆ ವಕೀಲೆ ಎಂದು ಬರೆದಳು. ಮರುಕ್ಷಣ ದ್ಯಾವಮ್ಮ ಬರೆದಳು: "ಬನ್ನಿ ವಕೀಲರೇ, ನಮ್ಮೂರಿಗೆ ವಕೀಲರೇ ಇರ್ಲಿಲ್ಲ."

ಜೀವನದಲ್ಲಿ ಮೊದಲ ಬಾರಿಗೆ ಅವಳನ್ನು ಯಾರೋ ವಕೀಲರೇ ಎಂದು ಕರೆದಿದ್ದರು. ಅವಳಿಗೆ ಕಣ್ಣು ತುಂಬಿಬಂತು. ನಗುವವರು ನಗಲಿ, ನಾನಂತೂ ನಗುವುದಿಲ್ಲ.

ವರ್ಷ ಕಳೆಯುವಷ್ಟರಲ್ಲಿ ಅವಳಿಗೆ ಕಳಸಕ್ಕಿಂತ ಮಂಜಿನಕೆರೆಯೇ ಹತ್ತಿರವಾಗಿತ್ತು. ಒಂದು ಸಂಗತಿ ಮಾತ್ರ ಅವಳ ತಲೆ ಕೊರೆಯುತ್ತಿತ್ತು. ಆ ಊರು ಆಗಾಗ ಒಟ್ಟಿಗೇ ಮೌನವಾಗುತ್ತಿತ್ತು. ದ್ಯಾವಮ್ಮ ಮಾತಿನ ಮಧ್ಯದಲ್ಲಿ ನಿಂತರೆ ಆ ದಿನ ನ್ಯಾಯಾಧೀಶರೂ ಇಲ್ಲ, ಮ್ಯಾನೇಜರೂ ಇಲ್ಲ. ಬಂದರೆ ಎಲ್ಲರೂ ಒಂದೇ ದಿನ ಬರುತ್ತಿದ್ದರು. ಒಮ್ಮೆ ಹಾಗಾದಾಗ ಬಸ್ಸಿನ ಕಂಡಕ್ಟರ್ ಅಂಗಡಿಗೆ ಬಂದು ಛತ್ರಿ ಕೊಡವುತ್ತ, "ಕುದುರೆಮುಖದಲ್ಲಿ ನಿನ್ನೆಯಿಂದ ಕರೆಂಟಿಲ್ಲ ಅನ್ವರಕ್ಕ, ಮರ ಬಿದ್ದಿದೆ," ಎಂದ. ಅವಳು ಹೂಂ ಎಂದಳು. ಎರಡನೇ ಸಲವೂ ಮೂರನೇ ಸಲವೂ ಹಾಗೇ ಆದಾಗ ಅವಳು ಎರಡನ್ನೂ ಜೋಡಿಸಿ ನೋಡಿದಳು: ಅಲ್ಲಿ ಕರೆಂಟು ಹೋದ ದಿನವೇ ಇಲ್ಲಿ ಊರು ಮೌನ. ಅಲ್ಲಿನ ಕಬ್ಬಿಣದ ಗಣಿ ನಿಂತು ಎರಡು ವರ್ಷ ದಾಟಿತ್ತು. ಗಣಿಯವರು ಬಿಟ್ಟುಹೋದ ಆ ಕಾಲೊನಿಯಲ್ಲಿ ಈಗ ಕರೆಂಟು ಬೇಕಾದವರು ಯಾರಿದ್ದಾರೆ?

ಅಷ್ಟರಲ್ಲಿ ಬ್ಯಾಂಕಿನ ಗಲಾಟೆ ಎದ್ದಿತು. ಮಂಜಿನಕೆರೆಯಲ್ಲಿ ದುಡಿದವರಿಗೆ ವರಹ ಎಂಬ ಆಟದ ದುಡ್ಡು ಸಿಗುತ್ತಿತ್ತು, ಅದನ್ನು ಬ್ಯಾಂಕಿನಲ್ಲಿಡಬೇಕಿತ್ತು. "ವಕೀಲರೇ, ನನ್ನ ದುಡ್ಡು ಕರಗ್ತಾ ಇದೆ. ಮ್ಯಾನೇಜರು ನುಂಗಿದಾರೆ," ಎಂದು ದ್ಯಾವಮ್ಮ ಗೋಳಾಡಿದಳು. ಬೆಳ್ಳಿಯಪ್ಪನದೂ ಅದೇ ದೂರು. ಅನ್ವರಿ ಸೆರಗು ಬಿಗಿದು ನಿಂತಳು. ಹತ್ತಾರು ಜನರ ಅಫಿಡವಿಟ್ಟು ಜೆರಾಕ್ಸ್ ಮಾಡಿದವಳಿಗೆ ಕೋರ್ಟಿನ ಭಾಷೆ ಬಾರದಿರುತ್ತದೆಯೇ? ಬ್ಯಾಂಕಿನ ತಿಜೋರಿಯನ್ನು ಅರ್ಜಿದಾರರ ಸಮಕ್ಷಮ ತೆರೆದು ತನಿಖೆ ನಡೆಸಲು ಆದೇಶಿಸಬೇಕೆಂದು ಅರ್ಜಿ ಹಾಕಿದಳು. ನ್ಯಾಯಾಧೀಶರು ಅದನ್ನು ಪ್ರಮಾಣಪತ್ರ ಇಲ್ಲವೆಂದು ವಾಪಸು ಮಾಡಿದರು, ಆಮೇಲೆ ತಾರೀಕು ಕೊಟ್ಟರು, ಆಮೇಲೆ ಇನ್ನೊಂದು ತಾರೀಕು. ನಿಜವಾದ ಕೋರ್ಟೂ ಇದಕ್ಕಿಂತ ಚೆನ್ನಾಗಿ ಸತಾಯಿಸಲಾರದು. ಕೊನೆಗೆ ಆದೇಶ ಬಂತು. ತಿಜೋರಿ ತೆರೆಯತಕ್ಕದ್ದು.

ಮ್ಯಾನೇಜರು ಒಂದೇ ಸಾಲು ಬರೆದರು: "ಕೀಲಿಕೈ ಇಲ್ಲಿದೆ, ಬಂದು ನೋಡಿ." ಕೆಳಗೆ ಕುದುರೆಮುಖದ ಒಂದು ಕ್ವಾರ್ಟರ್ಸಿನ ವಿಳಾಸವಿತ್ತು.

ತಮ್ಮ ಇಲಿಯಾಸ್ ಜೀಪ್ ಮೆಕ್ಯಾನಿಕ್. ರಿಪೇರಿಗೆ ಬಂದಿದ್ದ ಯಾರದೋ ಜೀಪನ್ನು ಟ್ರಯಲ್ ನೋಡುವ ನೆಪದಲ್ಲಿ ಅಕ್ಕನನ್ನು ಕೂರಿಸಿಕೊಂಡು ಹೊರಟ. ಕಾಲೊನಿ ಮುಟ್ಟಿದಾಗ ನಡುಹಗಲು, ಆದರೂ ಮಂಜಿಗೆ ಹೆಡ್‌ಲೈಟ್ ಹಾಕಬೇಕಾಯಿತು. ಸಾಲುಸಾಲು ಮನೆ, ಎಲ್ಲಕ್ಕೂ ಬೀಗ, ಮೆಟ್ಟಿಲ ಮೇಲೆ ಪಾಚಿ, ಕಿಟಕಿಯೊಳಗೆ ನುಗ್ಗಿದ ಬಳ್ಳಿ. ಬಾಗಿಲ ಪಕ್ಕದ ಹಲಗೆಗಳ ಮೇಲೆ ಹೆಸರುಗಳು ಇನ್ನೂ ಇದ್ದವು. ಅನ್ವರಿ ಒಂದೊಂದನ್ನೇ ಓದುತ್ತ ಹೋದಳು. ಬೆಳ್ಳಿಯಪ್ಪ. ಶಂಕರಮ್ಮ. ಮೂರು ಮನೆ ಬಿಟ್ಟು ದ್ಯಾವಮ್ಮ.

"ಆಪಾ, ಇವ್ರೆಲ್ಲ ನಿಂಗೆ ಗೊತ್ತಾ?" ಎಂದ ಇಲಿಯಾಸ್.

"ಬೆಳಿಗ್ಗೆ ಮಾತಾಡಿದೀನಿ," ಎಂದಳು ಅನ್ವರಿ. ದ್ಯಾವಮ್ಮನ ಬಾಗಿಲು ತಟ್ಟಿದಳು. ಒಳಗೆ ಹಕ್ಕಿಯೊಂದು ಪಟಪಟನೆ ಹಾರಿತು, ಅಷ್ಟೇ.

ಕೊನೆಯ ಮನೆಯಲ್ಲಿ ದೀಪವಿತ್ತು. ಬಾಗಿಲು ತೆಗೆದವರು ಸುಬ್ಬಣ್ಣ. ಕಂಪನಿಯ ಟೈಂ ಆಫೀಸಿನಲ್ಲಿ ಇಡೀ ಸರ್ವೀಸು ಕೆಲಸಗಾರರ ಹಾಜರಿ ಹಾಕಿದ್ದ ಅವರನ್ನು ಖಾಲಿ ಮನೆಗಳ ಮೇಲೆ ಕಣ್ಣಿಡಲು ಅಲ್ಲೇ ಉಳಿಸಿದ್ದರು. ಇಸ್ತ್ರಿ ಮಾಡಿದ ಅಂಗಿ, ತೆಳ್ಳನೆ ಮುಖ. ಒಳಗೆ ಮೇಜಿನ ಮೇಲೆ ಹರಾಜಿನಲ್ಲಿ ಕೊಂಡ ಕಂಪ್ಯೂಟರು, ಅದರ ಸುತ್ತ ಐದಾರು ಕುರ್ಚಿ. ಒಂದರ ಮೇಲೂ ಧೂಳಿರಲಿಲ್ಲ.

"ಮ್ಯಾನೇಜರು ನೀವೇನಾ ಸಾರ್?"

"ಆ ಕುರ್ಚೀಲಿ ಕೂತಾಗ ಹೌದು."

"ಮತ್ತೆ ನ್ಯಾಯಾಧೀಶರು?"

ಸುಬ್ಬಣ್ಣ ಕಿಟಕಿ ಪಕ್ಕದ ಎತ್ತರದ ಕುರ್ಚಿಯನ್ನು ತೋರಿಸಿದರು. ಅಷ್ಟು ದೊಡ್ಡ ಊರಿನಲ್ಲಿ ಇದ್ದವರು ಇಬ್ಬರೇ, ಒಬ್ಬರು ಇವರು, ಇನ್ನೊಬ್ಬಳು ತಾನು.

ಅವರು ಪರದೆಯ ಮೇಲೆ ಬ್ಯಾಂಕು ತೆರೆದು ತೋರಿಸಿದರು. ಎಲ್ಲರ ವರಹವೂ ಚೂರುಚೂರಾಗಿ ಒಂದೇ ಖಾತೆಗೆ ಹೋಗಿತ್ತು. ಅನ್ವರಿ ಒಮ್ಮೆಯೂ ತೆರೆದು ನೋಡಿರದ ಆ ಖಾತೆ ವಕೀಲೆಯದು.

"ಯಾಕೆ ಸಾರ್ ಹೀಗೆ ಮಾಡಿದ್ರಿ?"

"ಅವ್ರೆಲ್ಲ ಇಲ್ಲಿಂದ ಹೋದೋರು ಅಮ್ಮಾ. ನೀವೊಬ್ರೇ ಬಂದೋರು. ನಾಲ್ಕು ಕಾಸಿದ್ರೆ ನೀವಾದ್ರೂ ಊರು ಬಿಡಲ್ಲ ಅನ್ಕೊಂಡೆ."

"ಹಾಗಿದ್ರೆ ದೂರು ಯಾಕೆ ಕೊಟ್ರಿ? ದ್ಯಾವಮ್ಮನೂ ನೀವೇ ಅಲ್ವಾ?"

ಸುಬ್ಬಣ್ಣ ತಮ್ಮ ಕೈಬೆರಳುಗಳನ್ನೇ ನೋಡಿಕೊಂಡರು. "ನಾನು ಕೊಟ್ಟಿಲ್ಲ. ಅವಳು ಕೊಟ್ಟಳು. ಬೆರಳು ನಂದು, ಮಾತು ಅವಳದು. ತಡೆಯೋಕೆ ನೋಡ್ದೆ, ಆಗ್ಲಿಲ್ಲ."

ಮಳೆ ಜೋರಾಯಿತು. ಇಲಿಯಾಸ್ ಜೀಪಿನಲ್ಲಿ ಹಾರ್ನ್ ಹೊಡೆದ. ಅನ್ವರಿ ಎದ್ದಾಗ ಸುಬ್ಬಣ್ಣ, "ಎಲ್ಲರ ಪಾಸ್‌ವರ್ಡೂ ಒಂದೇ, ನೆನಪಿಟ್ಕೊಳಿ," ಎಂದು ಅದನ್ನು ಮೆಲ್ಲಗೆ ಹೇಳಿಕೊಟ್ಟರು. ಅವಳೇನೂ ಅದು ಬೇಕೆಂದು ಕೇಳಿರಲಿಲ್ಲ.

ಜೀಪಿನಲ್ಲಿ ಅವಳು ಲೆಕ್ಕ ಹಾಕಿದಳು. ನಿಜವನ್ನು ಊರಿನೆದುರು ಬರೆದರೆ ಊರೇ ಮುಗಿಯುತ್ತದೆ, ಮತ್ತೆ ತಾನು ಜೆರಾಕ್ಸ್ ಅಂಗಡಿಯ ಅನ್ವರಿ. ಮರುದಿನ ಬೆಳಿಗ್ಗೆ ಕೋರ್ಟಿಗೆ ಬರೆದಳು: ತನಿಖೆಯಲ್ಲಿ ಏನೂ ಸಿಗಲಿಲ್ಲ, ಅರ್ಜಿ ಹಿಂತೆಗೆದುಕೊಳ್ಳುತ್ತೇನೆ. ನ್ಯಾಯಾಧೀಶರು ಒಪ್ಪಿದರು. ದ್ಯಾವಮ್ಮ ಮಾತ್ರ ಅಂದಿನಿಂದ ಅವಳ ಜೊತೆ ಮಾತು ಬಿಟ್ಟಳು.

ಮರುವರ್ಷದ ಮಳೆಯಲ್ಲಿ ಒಂದು ಮಧ್ಯಾಹ್ನ ಶಂಕರಮ್ಮ ದೋಸೆಯ ವಿಷಯ ಹೇಳುತ್ತಿದ್ದಳು. ಅರ್ಧಕ್ಕೆ ನಿಂತಳು. ಸಂಜೆಯೂ ಯಾರೂ ಬರಲಿಲ್ಲ, ಮರುದಿನವೂ ಇಲ್ಲ. ಬಸ್ಸು ಬಂದ ಕೂಡಲೇ ಅನ್ವರಿ ಮಳೆಯಲ್ಲೇ ಓಡಿಹೋಗಿ ಕಂಡಕ್ಟರನನ್ನು ಕೇಳಿದಳು.

"ಕುದುರೆಮುಖದಲ್ಲಿ ಕರೆಂಟಾ? ಈ ವಾರ ಒಂದ್ಸಲಾನೂ ಹೋಗಿಲ್ಲ ಮಾರಾಯ್ತಿ."

ಅವಳು ಅಲ್ಲೇ ನೆನೆಯುತ್ತ ನಿಂತುಬಿಟ್ಟಳು. ಕಾಲೊನಿಯ ಮುದುಕರೊಬ್ಬರು ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದರೆಂಬ ಸುದ್ದಿ ಮರುದಿನದ ಬಸ್ಸಿನಲ್ಲಿ ಬಂತು.

ಅಳುವಷ್ಟು ಅತ್ತ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ಮಂಜಿನಕೆರೆಯಲ್ಲಿ ಅವಳೊಬ್ಬಳೇ ಇದ್ದಳು. ಆ ಖಾಲಿತನವನ್ನು ಅವಳಿಗೆ ಸಹಿಸಲಾಗಲಿಲ್ಲ. ಸುಬ್ಬಣ್ಣ ಹೇಳಿಕೊಟ್ಟ ಪಾಸ್‌ವರ್ಡ್ ಹಾಕಿ ದ್ಯಾವಮ್ಮನಾಗಿ ಒಳಗೆ ಹೋದಳು. ಹೂವಿನ ರೇಟು ಬರೆಯೋಣ, ಮಲ್ಲಿಗೆ ಬಂದಿದೆ ಅನ್ನೋಣ ಎಂದುಕೊಂಡು ಬೆರಳಾಡಿಸಿದಳು. ಬರೆದು ಮುಗಿಸಿ ತಲೆಯೆತ್ತಿ ನೋಡಿದರೆ ಪರದೆಯ ಮೇಲೆ ಮಲ್ಲಿಗೆ ಇರಲಿಲ್ಲ.

"ನಮ್ಮ ದುಡ್ಡೆಲ್ಲ ನಿಮ್ಮ ಹತ್ರಾನೇ ಇದೆಯಂತಲ್ಲ ವಕೀಲರೇ. ನಿಮ್ಮ ಮೇಲೆ ಅರ್ಜಿ ಹಾಕ್ಬೇಕು. ಯಾರ ಹತ್ರ ಹೋಗ್ಲಿ?"

ಅನ್ವರಿ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಎದ್ದು, ಗಿರಾಕಿಗಳಿಗೆಂದು ಇಟ್ಟಿದ್ದ ಇನ್ನೊಂದು ಕುರ್ಚಿಯನ್ನು ಒರೆಸಿ ಮೇಜಿಗೆ ಎಳೆದಳು. ಅದರಲ್ಲಿ ನೆಟ್ಟಗೆ ಕೂತು, ನ್ಯಾಯಾಧೀಶರಾಗಿ, ಆರೋಪಿ ವಕೀಲೆಗೆ ತಾರೀಕು ಕೊಟ್ಟಳು.