ಕತ್ತರಿ ಕಾಣದ ನಾಲ್ಕು ಬದಿ

ನನಗೊಂದು ಜಂಭವಿದೆ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವ ಮೊದಲು ನಾನೇ ಹೇಳಿಬಿಡುವುದು ಮೇಲು. ಒಂದು ಅಂಚೆಚೀಟಿಯ ಬದಿ ನೋಡಿ, ಅದನ್ನು ಹಾಳೆಯಿಂದ ಯಾವ ರೀತಿಯಲ್ಲಿ ಬೇರೆ ಮಾಡಿದ್ದಾರೆಂದು ನಾನು ಹೇಳಬಲ್ಲೆ. ಕಣ್ಣು ಮುಚ್ಚಿಕೊಂಡು ಬೆರಳು ಸವರಿದರೂ ಹತ್ತರಲ್ಲಿ ಎಂಟು ಸಲ ತಪ್ಪುವುದಿಲ್ಲ. ಉಳಿದೆರಡು ಸಲ ಬೆರಳಿಗೆ ಸಾಸಿವೆ ಎಣ್ಣೆ ಅಂಟಿರುತ್ತದೆ. ಅದು ಕೋಲ್ಕತ್ತದ ತಪ್ಪು, ನನ್ನದಲ್ಲ.

ಇದರಿಂದ ಲೋಕಕ್ಕೇನು ಉಪಯೋಗ ಎಂದು ದಯವಿಟ್ಟು ಕೇಳಬೇಡಿ. ಧಾರವಾಡ ಬಿಟ್ಟು ಬಂದು ಇಲ್ಲಿಯ ಕಾಲೇಜೊಂದರಲ್ಲಿ ಭೂಗರ್ಭಶಾಸ್ತ್ರ ಕಲಿಸುತ್ತಿದ್ದೇನೆ. ಕೋಟಿ ವರ್ಷದ ಕಲ್ಲಿನ ಬಗ್ಗೆ ನಾನು ಮೈಮರೆತು ಮಾತಾಡುವಾಗ ಹಿಂದಿನ ಬೆಂಚಿನವರು ಮೊಬೈಲು ನೋಡುತ್ತಿರುತ್ತಾರೆ. ಆದರೆ ಭಾನುವಾರ ಬೆಳಗ್ಗೆ ಬೆಹಾಲಾದ ನಮ್ಮ ಪಾಡಾ ಕ್ಲಬ್ಬಿನಲ್ಲಿ, ಅಂದರೆ ಓಣಿಯ ಕ್ಲಬ್ಬಿನಲ್ಲಿ, ಚೀಟಿಯ ಹಲ್ಲುಗಳ ಬಗ್ಗೆ ಬಾಯಿ ತೆರೆದರೆ ಸಾಕು, ಹತ್ತು ಜನ ಮಣ್ಣಿನ ಲೋಟದ ಚಹಾ ಆರಿಹೋಗುವವರೆಗೂ ಕೇಳುತ್ತಾರೆ. ಓಣಿಯವರು ನನ್ನನ್ನು ‘ಮಾಸ್ಟರ್‌ಮೊಶಾಯ್’ ಎನ್ನುವುದು ಕಲ್ಲಿನ ಪಾಠಕ್ಕಲ್ಲ, ಈ ಪಾಠಕ್ಕೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪಾಠವೇನೂ ಕಷ್ಟದ್ದಲ್ಲ. ಹಾಳೆಯ ತುಂಬ ಸಾಲುಸಾಲಾಗಿ ತೂತು ಹೊಡೆದು ಹರಿದರೆ ಚೀಟಿಗೆ ಹಲ್ಲು ಬರುತ್ತದೆ. ಹಲ್ಲಿನ ತುದಿಯಲ್ಲಿ ಕಾಗದದ ನವಿರು ಎಳೆಗಳಿರುತ್ತವೆ, ಹರಿದದ್ದಕ್ಕೆ ಸಾಕ್ಷಿಯಾಗಿ. ತೂತಿನಲ್ಲೂ ಎರಡು ಬಗೆ. ಒಂದೊಂದೇ ಸಾಲು ಹೊಡೆಯುವ ಯಂತ್ರವಾದರೆ ಅಡ್ಡಸಾಲು ಉದ್ದಸಾಲು ಸೇರುವ ಮೂಲೆಯಲ್ಲಿ ಲೆಕ್ಕ ತಪ್ಪುತ್ತದೆ. ಒಂದು ಮೂಲೆಯ ಹಲ್ಲು ದಪ್ಪ, ಇನ್ನೊಂದರದು ಸಣಕಲು. ಬಾಚಣಿಗೆಯಂತೆ ಮೂರು ಬದಿಯನ್ನು ಒಮ್ಮೆಗೇ ಹೊಡೆಯುವ ಯಂತ್ರವಾದರೆ ನಾಲ್ಕೂ ಮೂಲೆ ಮದುವಣಗಿತ್ತಿಯ ಹಾಗೆ ಅಚ್ಚುಕಟ್ಟು. ಕೆಲವು ದೇಶದವರು ತೂತನ್ನೇ ಹೊಡೆಯದೆ, ಕಾಗದ ಚೂರೂ ತೆಗೆಯದೆ, ಬರೀ ಸೀಳು ಹಾಕಿ ಬಿಡುತ್ತಿದ್ದರು. ಅಂಥ ಚೀಟಿಯ ಬದಿ ಮುಟ್ಟಿದರೆ ಎರಡು ದಿನ ಕ್ಷೌರ ಮಾಡದ ಗಲ್ಲ ಮುಟ್ಟಿದಂತೆ. ಈಗಿನ ತಾನೇ ಅಂಟಿಕೊಳ್ಳುವ ಚೀಟಿಗಳಿಗೂ ಹಲ್ಲಿರುತ್ತದೆ, ಆದರೆ ಅದು ಬ್ಲೇಡಿನಿಂದ ಕತ್ತರಿಸಿದ್ದು, ಮುದುಕರ ಕಟ್ಟಿಸಿದ ಹಲ್ಲಿನ ಹಾಗೆ. ತುದಿಯಲ್ಲಿ ಒಂದೆಳೆಯೂ ಇಲ್ಲ.

ಇವೆಲ್ಲಕ್ಕಿಂತ ಮೊದಲಿನದು ಹಲ್ಲೇ ಇಲ್ಲದ ಚೀಟಿ. ಈ ಊರಿನಲ್ಲೇ ಅಚ್ಚಾದ ನಮ್ಮ ದೇಶದ ಆರಂಭದ ಚೀಟಿಗಳನ್ನು ಅಂಚೆಯವರು ಕತ್ತರಿಯಿಂದಲೇ ಬಿಡಿಸಬೇಕಿತ್ತು. ಅದೇನೂ ದೋಷವಲ್ಲ, ಆಗಿನ ಪದ್ಧತಿ. ಸಂಗ್ರಹಕಾರರು ಜೀವ ಬಿಡುವುದು ಬೇರೆಯದಕ್ಕೆ: ತೂತಿನ ಯಂತ್ರ ಬಂದ ಎಷ್ಟೋ ವರ್ಷಗಳ ಮೇಲೆ, ಯಾವನದೋ ಮರೆವಿನಿಂದ ತೂತು ತಪ್ಪಿಸಿಕೊಂಡು ಹೊರಗೆ ಬಂದ ಹಾಳೆಯ ಚೀಟಿಗೆ. ಅಂಥದೊಂದು ನನ್ನ ಹತ್ತಿರವಿತ್ತು. ಹನ್ನೊಂದು ವರ್ಷದ ಹಿಂದೆ ಖಿದಿರ್‌ಪುರದ ರಸ್ತೆ ಬದಿಯಲ್ಲಿ ಹಳೆಯ ಕಾಗದಪತ್ರದ ರಾಶಿ ಹಾಕಿಕೊಂಡು ಕೂತಿದ್ದ ಮುದುಕರೊಬ್ಬರಿಂದ ತಂದದ್ದು. ಕಂದು ಬಣ್ಣ, ನಡುವೆ ಒಂದು ಎತ್ತು, ಸುತ್ತ ನಾಲ್ಕು ಬದಿಯೂ ಗೀಟೆಳೆದಂತೆ ನೇರ. ಆಲ್ಬಮ್ಮಿನಲ್ಲಿ ಅದಕ್ಕೆ ಇಡೀ ಪುಟ ಕೊಟ್ಟಿದ್ದೆ. ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಎತ್ತು.

ಇನ್ನು ತಪನ್‌ಬಾಬು ವಿಷಯ. ಇವರು ಗಾರ್ಡನ್ ರೀಚ್ ಕಡೆ ಹಡಗು ಕಟ್ಟುವಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ನಮ್ಮ ಹಿಂದಿನ ಬೀದಿಯವರು, ಕ್ಲಬ್ಬಿನಲ್ಲಿ ನನ್ನ ಪಕ್ಕದ ಕುರ್ಚಿಯವರು. ಅವರೂ ಹಲ್ಲಿಲ್ಲದ ಚೀಟಿಯೊಂದನ್ನು ಪುಜೋಗೆ, ಅಂದರೆ ಇಲ್ಲಿಯ ದುರ್ಗಾಪೂಜೆಗೆ, ಮುಂಚಿನ ನಮ್ಮ ಪ್ರದರ್ಶನಕ್ಕೆಂದು ತಂದು ತೋರಿಸಿದರು. ನಾನು ಅದೇ ಬಗೆಯ ಹಲ್ಲಿನ ಚೀಟಿಯೊಂದನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಅವರದನ್ನು ಇಟ್ಟೆ. ಅಸಲಿಯಾಗಿದ್ದರೆ ಕೆಳಗಿನ ಹಲ್ಲೆಲ್ಲ ಮುಚ್ಚಿಹೋಗಬೇಕು. ಮುಚ್ಚಲಿಲ್ಲ. “ತಪನ್‌ಬಾಬು, ಇದು ಹುಟ್ಟಾ ಬೋಳಲ್ಲ. ಯಾರೋ ಕತ್ತರಿ ಆಡಿಸಿದ್ದಾರೆ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. ಹತ್ತು ಜನ ತಲೆದೂಗಿದರು. ತಪನ್‌ಬಾಬು ಚೀಟಿಯನ್ನು ಜೇಬಿಗಿಟ್ಟು ಎದ್ದುಹೋದರು. ಮುಂದೆ ಐದು ಭಾನುವಾರ ಪಕ್ಕದ ಕುರ್ಚಿ ಖಾಲಿ. ಸತ್ಯ ಹೇಳುವವನಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡು ಆ ಕುರ್ಚಿಯ ಮೇಲೆ ನನ್ನ ಚೀಲ ಇಡತೊಡಗಿದೆ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ನನ್ನ ಎತ್ತಿಗೆ ವಿವರಣೆಯ ಚೀಟಿ ಬರೆಯುತ್ತ ಕೂತಿದ್ದೆ. ಎದುರಿಗೆ ನನ್ನ ಹೆಂಡತಿ ಸುಮಿತ್ರಾ ನಾವು ಬೌದಿ, ಅತ್ತಿಗೆ, ಎನ್ನುವ ಪಕ್ಕದ ಮನೆಯಾಕೆಯ ಪುಜೋ ರವಿಕೆಗೆ ಬಟ್ಟೆ ಕತ್ತರಿಸುತ್ತಿದ್ದಳು. ನೋಡುವವರಿಗೆ ವ್ಯತ್ಯಾಸ ತಿಳಿಯಲೆಂದು ಹಲ್ಲಿರುವ ಎತ್ತೊಂದನ್ನೂ ಹುಡುಕಿ ತೆಗೆದಿದ್ದೆ. ಸುಮಿತ್ರಾ ಬಗ್ಗಿ ಎರಡನ್ನೂ ನೋಡಿದಳು.

“ಅಲ್ರೀ, ಕತ್ತರಿ ಹಚ್ಚಲಾರದ ಅರಿವಿ ಹಚ್ಚಿದ್ದಕ್ಕಿಂತ ದೊಡ್ಡದಿರಬೇಕಲ್ರೀ? ನಿಮ್ಮದ್ಯಾಕ ಸಣ್ಣದೈತಿ?”

“ನಿನಗ ತಿಳಿಯೂದಿಲ್ಲ ಬಿಡು.”

“ಚೀಟಿ ತಿಳಿಯೂದಿಲ್ಲ ಖರೆ. ಅಳತಿ ತಿಳೀತೈತಿ.”

ಚಿಮುಟದಿಂದ ಎತ್ತಿ ಒಂದರ ಮೇಲೊಂದು ಇಟ್ಟೆ. ಕೆಳಗಿನ ಎತ್ತಿನ ಹಲ್ಲುಗಳು ನಾಲ್ಕೂ ಕಡೆಯಿಂದ ಹೊರಗೆ ಇಣುಕಿದವು. ಭೂತಗನ್ನಡಿ ಹಿಡಿದರೆ ಒಂದು ಮೂಲೆಯಲ್ಲಿ ಹಳೆಯ ತೂತಿನ ಕಮಾನು, ಉಗುರು ಕತ್ತರಿಸಿ ಬಿಟ್ಟಷ್ಟು, ಉಳಿದುಕೊಂಡಿತ್ತು. ಹನ್ನೊಂದು ವರ್ಷ ಊರಿನವರ ಚೀಟಿಯನ್ನೆಲ್ಲ ಒಂದರ ಮೇಲೊಂದಿಟ್ಟು ನೋಡಿದವನು ನನ್ನದನ್ನು ಒಮ್ಮೆಯೂ ಇಟ್ಟು ನೋಡಿರಲಿಲ್ಲ. ಮನೆಮಗನನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ?

“ಇದನ್ನ ಯಾರ ಮುಂದೂ ಹೇಳಬ್ಯಾಡ,” ಎಂದೆ.

“ನಾ ಯಾಕ ಹೇಳ್ಲಿ? ಹೇಳಾವ್ರು ನೀವು,” ಎಂದು ಅವಳು ತೋಳು ಕತ್ತರಿಸತೊಡಗಿದಳು.

ಆಮೇಲೆ ನನ್ನ ತಲೆಯಲ್ಲಿ ನಡೆದ ವ್ಯವಹಾರವನ್ನು ಮುಚ್ಚಿಡುವುದಿಲ್ಲ. ಎತ್ತನ್ನು ಪ್ರದರ್ಶನಕ್ಕೆ ಇಡದೆ ಇದ್ದರೆ ಯಾರೂ ಕೇಳುವುದಿಲ್ಲ. ಇಟ್ಟರೂ ಯಾರೂ ಪರೀಕ್ಷಿಸುವುದಿಲ್ಲ, ಏಕೆಂದರೆ ಅಲ್ಲಿ ಪರೀಕ್ಷಿಸುವವನು ನಾನೊಬ್ಬನೇ. ಇಷ್ಟು ಅನುಕೂಲ ಲೋಕದಲ್ಲಿ ಎಷ್ಟು ಜನರಿಗೆ ಸಿಗುತ್ತದೆ! ಆದರೆ ಆ ಖಾಲಿ ಕುರ್ಚಿ ನೆನಪಾದಾಗಲೆಲ್ಲ ಬರೆಯುತ್ತಿದ್ದ ವಿವರಣೆ ಅರ್ಧಕ್ಕೇ ನಿಲ್ಲುತ್ತಿತ್ತು. ನನ್ನ ಕಣ್ಣಿನ ಮೇಲೆ ನನಗಿದ್ದ ಹೆಮ್ಮೆ ನಿಜವಾಗಿದ್ದರೆ ಆ ಕಣ್ಣು ಈಗ ಕಂಡದ್ದನ್ನು ಹೇಳಲೇಬೇಕಿತ್ತು. ಹೇಳದಿದ್ದರೆ ತಪನ್‌ಬಾಬುವಿಗೆ ಅಂದು ನಾನು ಹೇಳಿದ್ದು ಸತ್ಯವಲ್ಲ, ಬರೀ ದರ್ಪ.

ಮರುದಿನ, ಪ್ರದರ್ಶನದ ಭಾನುವಾರ, ಬೆಳಗ್ಗೆ ಅವರ ಮನೆಯ ಬಾಗಿಲು ತಟ್ಟಿದೆ. ಲುಂಗಿಯಲ್ಲೇ ಬಂದರು, ಕೂರಿ ಎನ್ನಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ, ನನ್ನ ಅರೆಬರೆ ಹಿಂದಿಯಲ್ಲಿ. ಅವರು ಒಳಗೆ ಹೋಗಿ ಪ್ಯಾಂಟು ತೊಟ್ಟು, ತಮ್ಮ ಚೀಟಿಯನ್ನೂ ಜೇಬಿಗಿಟ್ಟುಕೊಂಡು ಬಂದರು. ನನಗಿಂತ ಮುಂದೆ ಕ್ಲಬ್ಬಿನ ಕಡೆ ಹೆಜ್ಜೆ ಹಾಕಿದರು.

ಕ್ಲಬ್ಬಿನಲ್ಲಿ ಹತ್ತು ಜನರೆದುರು ಎತ್ತಿನ ಮೇಲೆ ಎತ್ತು ಇಟ್ಟು ತೋರಿಸಿದೆ. ನನ್ನ ಮುಖ ಇಂಗು ತಿಂದ ಮಂಗನಂತಾಗಿದ್ದಿರಬೇಕು. ಕನ್ನಡಿ ಇರಲಿಲ್ಲ, ಎದುರಿಗಿದ್ದವರ ಕಣ್ಣಿನಲ್ಲಿ ಗೊತ್ತಾಯಿತು. ಬಳಿಕ ತಪನ್‌ಬಾಬುವಿನದನ್ನೂ ನನ್ನದನ್ನೂ ಒಂದೇ ಚೌಕಟ್ಟಿನಲ್ಲಿ ಅಕ್ಕಪಕ್ಕ ಕೂರಿಸಿ, ಕೆಳಗೆ ಬರೆದೆ: ‘ಹಲ್ಲು ಕತ್ತರಿಸಿದ ಚೀಟಿಗಳು. ಇಬ್ಬರು ಮೋಸಹೋದವರ ಸಂಗ್ರಹದಿಂದ.’ ಅಂದು ಸಂಜೆಯವರೆಗೆ ಅತಿ ಹೆಚ್ಚು ಜನ ನಿಂತು ನೋಡಿದ್ದು ಅದನ್ನೇ. ಎಷ್ಟೋ ಜನ ತಮ್ಮ ಜೇಬಿನಿಂದ ಚೀಟಿ ತೆಗೆದು ಅನುಮಾನದಿಂದ ನೋಡಿಕೊಂಡು ಹೋದರು.

ತಪನ್‌ಬಾಬು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಜೇಬಿನಿಂದ ತಮ್ಮ ಹಳೆಯ ವರ್ನಿಯರ್ ತೆಗೆದು, ಚೌಕಟ್ಟು ಬಿಚ್ಚಿಸಿ, ಹಡಗಿನ ಬಿಡಿಭಾಗ ಅಳೆಯುವ ಗಾಂಭೀರ್ಯದಲ್ಲಿ ಎರಡು ಚೀಟಿಗಳ ಎಲ್ಲ ಬದಿಗಳನ್ನೂ ಅಳೆದರು.

“ಮಾಸ್ಟರ್‌ಮೊಶಾಯ್,” ಎಂದರು, ಅಂದು ಎದ್ದುಹೋದ ಮೇಲೆ ನನಗೆ ಅವರು ಆಡಿದ ಮೊದಲ ಮಾತು, “ನನ್ನದನ್ನು ಕತ್ತರಿಸಿದವನ ಕೈ ನಡುಗುತ್ತಿತ್ತು. ನಿಮ್ಮದು ನೋಡಿ, ಎದುರುಬದುರು ಬದಿಗಳಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಬಹಳ ಒಳ್ಳೆಯ ಕೆಲಸ.”

ನಾನು ಎದೆಯುಬ್ಬಿಸಿ, “ಥ್ಯಾಂಕ್ಯೂ,” ಎಂದೆ.