ಗಟ್ಟಿಗುಂಡಿಗೆಯವರ ಅಳುಕು

ಕೆಲಸದ ವೇಳೆ ಸತ್ತ ಕಾರ್ಮಿಕರ ಬಗ್ಗೆ ನಾನು ಬರೆಯುತ್ತಿರುವ ದಾಖಲೆಗಾಗಿ, ಇಸ್ತ್ರಿ ಅಂಗಡಿ ನಡೆಸುವ ಈ ಹೆಂಗಸನ್ನು ಮಾತನಾಡಿಸಬೇಕೆಂದು ಅವರ ನಾದಿನಿಯ ಮೂಲಕ ಕೇಳಿಕೊಂಡಿದ್ದೆ. ಮಧ್ಯಾಹ್ನ ಬರಬಹುದು, ಆದರೆ ತೀರಿಹೋದ ಗಂಡನನ್ನು ‘ನಿರ್ಭೀತ’ ಎಂದು ಬರೆಯಕೂಡದು ಎಂಬ ಷರತ್ತಿನೊಡನೆ ಒಪ್ಪಿಗೆ ಬಂತು.

ಅವರ ಗಂಡ ಕಾರ್ಖಾನೆಗಳ ಎತ್ತರದ ಚಿಮಣಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಜೊತೆಗಾರರು ಕರೆಯುತ್ತಿದ್ದುದು ‘ಗಟ್ಟಿಗುಂಡಿಗೆ’ ಎಂದು. ಅವರು ಬಿದ್ದು ಸತ್ತಾಗ, ಭಯವೇ ಇಲ್ಲದ ಮನುಷ್ಯ ಸುರಕ್ಷತಾ ಬೆಲ್ಟ್ ಕಟ್ಟದೆ ಮೇಲೇರಿರಬೇಕು ಎಂದು ಕಾರ್ಖಾನೆಯಲ್ಲಿ ತೀರ್ಮಾನವಾಯಿತು. ಹೊಗಳಿಕೆಯೇ ಆರೋಪವಾಗಿಬಿಟ್ಟಿತು.

“ಗಟ್ಟಿಗುಂಡಿಗೆಯಂತೆ. ಮನೇಲಿ ಜಿರಳೆ ಕಂಡ್ರೆ ಮಂಚ ಹತ್ತಿ ನನ್ನ ಕೂಗೋರು,” ಎಂದು ಆಕೆ ಸಣ್ಣಗೆ ನಕ್ಕರು.

“ಹೆದರಿಕೆ ಇದ್ದಿದ್ರೆ ಅಣ್ಣ ಆ ಕೆಲಸಕ್ಕೆ ಯಾಕೆ ಹೋಗ್ತಿದ್ದ ಅತ್ತಿಗೆ?” ಎಂದು ಪಕ್ಕದಲ್ಲಿ ಕೂತಿದ್ದ ನಾದಿನಿ ಕೇಳಿದರು.

“ಹೆದರಿಕೆ ಬಂದು ಹೋಗುತ್ತೆ ಕಣೇ. ನಿಮ್ಮಣ್ಣಂಗೆ ಇದ್ದದ್ದು ಅಳುಕು. ಅದು ಅವರ ಜೊತೇಲೇ ಹತ್ತಿ ಜೊತೇಲೇ ಇಳೀತಿತ್ತು. ಬೆಲ್ಟಿಗೆ ಹಗ್ಗ ಸಿಕ್ಕಿಸೋ ಕೊಕ್ಕೆ ಎಳೆದೆಳೆದು ನೋಡದೆ ಒಂದು ಹೆಜ್ಜೆ ಇಟ್ಟೋರಲ್ಲ. ಆಸ್ಪತ್ರೇಲಿ ಆ ಬೆಲ್ಟ್ ಬಿಚ್ಚಿದ್ದು ಇದೇ ಕೈ. ಕೊಕ್ಕೇಲಿ ಹರಿದ ಹಗ್ಗ ಹಾಗೇ ಇತ್ತು. ಯಾರೂ ಕೇಳಲಿಲ್ಲ. ನನಗೂ ಆಗ ಬಾಯಿ ಬರಲಿಲ್ಲ.”

ಅವರು ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

ಅಂದು ಚಿಮಣಿಯ ಬುಡದಲ್ಲಿ ನಿಂತಿದ್ದ ಜೊತೆಗಾರನನ್ನು ಆಮೇಲೆ ಬೇರೆಯಾಗಿ ಕಂಡೆ. “ಹೌದು, ಹಗ್ಗದ ಮಿಕ್ಕ ತುಂಡು ಮೇಲೇ ಇತ್ತು. ನಾನೇ ಹತ್ತಿ ಬಿಚ್ಚಿದೆ,” ಎಂದು ಆತ ತಲೆ ತಗ್ಗಿಸಿದ.

ದಾಖಲೆಯಲ್ಲಿ ನಾನು ನಮೂದಿಸಿದ್ದು ಇಷ್ಟು: ೧೯೯೮ರ ಜೂನ್ ೧೧ರಂದು ಹಗ್ಗ ಹರಿದು ಬಿದ್ದಾಗ ಆಕೆಯ ಗಂಡ ಬೆಲ್ಟ್ ಕಟ್ಟಿದ್ದರು.